ಒಂದೇ ಕವರಿನ ಷೋರೂಮು

ಇಂಜಿನ್ನಿಗೆ ಒಂದು ಮುಚ್ಚಳ ಇರುತ್ತದೆ ಅನ್ನುವುದು ಗೊತ್ತಿಲ್ಲದೆ ಹುಟ್ಟಿ, ಬೆಳೆದು, ಮದುವೆಯಾಗಿ, ಮಕ್ಕಳನ್ನು ಹೆತ್ತು, ನೆಮ್ಮದಿಯಾಗಿ ಸತ್ತವರು ಈ ಭೂಮಿಯ ಮೇಲೆ ಲೆಕ್ಕವಿಲ್ಲದಷ್ಟು ಜನ. ಪುಣ್ಯವಂತರು. ಗಾಡಿಯ ಬಾನೆಟ್ ಎತ್ತಿದರೆ ಎಲ್ಲಕ್ಕಿಂತ ಮೇಲೆ, ತಟ್ಟೆ ಬೋರಲು ಹಾಕಿದ ಹಾಗೆ ಕೂತಿರುತ್ತಲ್ಲ ಕರಿ ಪ್ಲಾಸ್ಟಿಕ್ಕು, ಅದರ ಬೆನ್ನ ಮೇಲೆ ಕಂಪನಿಯ ಹೆಸರು ಉಬ್ಬಿಕೊಂಡಿರುತ್ತಲ್ಲ, ಅದೇ ಇಂಜಿನ್ ಕವರು. ಇಟ್ಟರೂ ಗಾಡಿ ಓಡುತ್ತದೆ, ಕಿತ್ತರೂ ಓಡುತ್ತದೆ. ಮಾಡಲು ಕೆಲಸವಿಲ್ಲದಿದ್ದರೂ ಎಲ್ಲರ ತಲೆ ಮೇಲೆ ಕೂತು ಹೆಸರು ಬರೆಸಿಕೊಳ್ಳುವವರು ಆಫೀಸುಗಳಲ್ಲಿ ಮಾತ್ರ ಇರುತ್ತಾರೆ ಅಂತ ಅಂದುಕೊಂಡಿದ್ದೆವು. ಗಾಡಿಯಲ್ಲೂ ಇದ್ದಾರೆ.

ಆ ಕರಿ ತಟ್ಟೆಯ ದೆಸೆಯಿಂದ ಒಬ್ಬ ಬಡಪಾಯಿಯ ಅನ್ನಕ್ಕೆ ಕಲ್ಲು ಬೀಳುವುದರಲ್ಲಿತ್ತು.

ಷೋರೂಮಿನಲ್ಲಿ ಅವನನ್ನು ಎಲ್ಲರೂ ಆಗ್ಲಿಸಾರ್ ಅನ್ನುತ್ತಿದ್ದರು. ಮನೆಯವರು ಇಟ್ಟ ಹೆಸರು ಬೇರೆ ಇತ್ತು, ಅದು ಅವನಿಗೇ ಆಗಾಗ ಮರೆತುಹೋಗುತ್ತಿತ್ತು. ಗಾಜು ಒರೆಸು ಅಂದರೆ ಆಗ್ಲಿ ಸಾರ್. ಟೀ ತಾ ಅಂದರೆ ಆಗ್ಲಿ ಸಾರ್. ಈ ಸಲವೂ ನಿನ್ನ ನೌಕರಿ ಕಾಯಂ ಮಾಡೋಕೆ ಆಗಲಿಲ್ಲಪ್ಪ ಅಂದರೂ ಆಗ್ಲಿ ಸಾರ್.

ಅವನ ಕೆಲಸ ಗಿರಾಕಿಗೆ ಹೊಸ ಗಾಡಿ ಒಪ್ಪಿಸುವುದು. ಗಿರಾಕಿ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬರುತ್ತಾರೆ. ಗಾಡಿಗೆ ಕೆಂಪು ಬಟ್ಟೆ ಹೊದಿಸಿರುತ್ತದೆ. ಅದನ್ನು ಸರ್ರನೆ ಎಳೆಯಬೇಕು, ರಟ್ಟಿನಲ್ಲಿ ಮಾಡಿದ ಆಳೆತ್ತರದ ಕೀ ಕೈಗೆ ಕೊಡಬೇಕು, ಫೋಟೊ ಆಗಬೇಕು. ಆಮೇಲೆ ಆಗ್ಲಿಸಾರ್ ಬಾನೆಟ್ ಎತ್ತುತ್ತಾನೆ. ಅಲ್ಲಿಂದ ಅವನು ಬೇರೆಯೇ ಮನುಷ್ಯ. ಎದೆ ಮುಂದೆ ಬರುತ್ತದೆ, ದನಿ ಗಂಭೀರವಾಗುತ್ತದೆ. ಕವರಿನ ಮೇಲೆ ಅಂಗೈಯಿಂದ ಟಪ್ ಟಪ್ ಅಂತ ತಟ್ಟಿ, "ಇದರ ಕೆಳಗೆ ಸಿಂಹ ಮಲಗಿದೆ ಸಾರ್. ನೀವು ಹೇಳೋವರೆಗೆ ಏಳಲ್ಲ" ಅನ್ನುತ್ತಾನೆ. ಗಿರಾಕಿಯೂ ತಟ್ಟುತ್ತಾರೆ. ಅವರ ಹೆಂಡತಿ ತಟ್ಟುತ್ತಾರೆ. ಅಳುವ ಕೂಸಿನ ಕೈ ಹಿಡಿದು ಅದರಿಂದಲೂ ತಟ್ಟಿಸುತ್ತಾರೆ. ಕೆಳಗೆ ಏನೇನಿದೆ ಅನ್ನುವುದು ತಟ್ಟಿದವರಿಗೂ ಗೊತ್ತಿಲ್ಲ, ತಟ್ಟಿಸಿದವನಿಗೂ ಗೊತ್ತಿಲ್ಲ. ಗೊತ್ತಿಲ್ಲದವನು ಗೊತ್ತಿಲ್ಲದವರಿಗೆ ಒಪ್ಪಿಸುವ ಈ ಕೆಲಸವನ್ನು ಅವನಷ್ಟು ಭಕ್ತಿಯಿಂದ ಮಾಡುವವರು ಆ ಷೋರೂಮಿನಲ್ಲಿ ಇನ್ನೊಬ್ಬರಿರಲಿಲ್ಲ.

ಇದಕ್ಕೆ ಮುಂಚೆ ಅವನು ನಲ್ಲಿ, ಪೈಪು ಮಾರುವ ಅಂಗಡಿಯ ಗೋದಾಮು ನೋಡಿಕೊಳ್ಳುತ್ತಿದ್ದ. ಅಲ್ಲಿ ಒಂದು ಪೆಟ್ಟಿಗೆ ನಲ್ಲಿ ಮಾಯವಾಯಿತು. ಮಾಲೀಕ ಇವನ ಮುಖ ನೋಡಿ ನೀನೇ ಏನಯ್ಯ ಅಂದ. ಇವನು ಗಾಬರಿಯಲ್ಲಿ ಆಗ್ಲಿ ಸಾರ್ ಅಂದುಬಿಟ್ಟ. ಅದೇ ತಪ್ಪೊಪ್ಪಿಗೆಯಾಗಿ ಮನೆಗೆ ಬಂದ. ಆ ನಲ್ಲಿಗಳು ಆಮೇಲೆ ಮಾಲೀಕನ ತಮ್ಮನ ಹೊಸ ಮನೆಯಲ್ಲಿ ನೀರು ಬಿಡುತ್ತಿದ್ದವು, ಆ ಮಾತು ಬೇರೆ. ದೊಡ್ಡವರ ಮನೆಯಲ್ಲಿ ಸಿಕ್ಕ ವಸ್ತುವನ್ನು ಕಳುವಾದ ವಸ್ತು ಅನ್ನುವ ರೂಢಿ ಎಲ್ಲೂ ಇಲ್ಲ.

ಈ ಕೆಲಸ ಕೊಡಿಸಿದ್ದು ಅವನ ಮಾವ, ಹೆಂಡತಿಯ ಅಪ್ಪ. ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ರಿಟೈರ್ ಆದವರು. ಷೋರೂಮಿನ ಮ್ಯಾನೇಜರು ಮಾವನ ಮನೆಯ ಮಹಡಿ ಮೇಲೆ ಬಾಡಿಗೆಗಿದ್ದರು. ಮಾವ ಮೆಟ್ಟಿಲ ಬುಡದಲ್ಲಿ ಅಡ್ಡ ನಿಂತು, ಹುಡುಗ ಪ್ರಾಮಾಣಿಕ, ಅದಕ್ಕೆ ನಾನು ಜವಾಬ್ದಾರಿ ಅಂತ ಹೇಳಿದ್ದರು. ಮನೆ ಯಜಮಾನರು ಮೆಟ್ಟಿಲಲ್ಲಿ ಅಡ್ಡ ನಿಂತಾಗ ಬಾಡಿಗೆಯವರು ಇಲ್ಲ ಅನ್ನುವುದು ಹೇಗೆ?

ಅಳಿಯನಿಗೆ ಮಾವ ಹೇಳಿದ ಮಾತು ಬೇರೆ. "ನೋಡಿ ಅಳಿಯಂದಿರೇ, ಇದೂ ಹೋಯ್ತು ಅಂದ್ರೆ ನೀವಿಬ್ಬರೂ ಆ ಮನೆ ಖಾಲಿ ಮಾಡಿ. ನನ್ನ ಹಿಂದಿನ ರೂಮಿದೆ, ಬಂದುಬಿಡಿ. ನಾನು ನೋಡ್ಕೋತೀನಿ." ನೋಡ್ಕೋತೀನಿ ಅನ್ನುವ ಮಾತು ಪೊಲೀಸರ ಬಾಯಲ್ಲಿ ಬಂದರೆ ಅದರ ಅರ್ಥ ಎಲ್ಲರಿಗೂ ಗೊತ್ತು. ಆ ಮನೆಯಲ್ಲಿ ಬೆಳಕು ಹರಿಯುವ ಮುಂಚೆ ಸೀಟಿ ಊದುತ್ತಾರೆ. ಊಟಕ್ಕೆ ಕೂರುವ ಮೊದಲು ಹಾಜರಿ ಕೂಗುತ್ತಾರೆ. ಇರುವುದು ಮಾವ, ಅತ್ತೆ ಇಬ್ಬರೇ. ಆದರೂ ಅತ್ತೆ ಒಲೆ ಮುಂದಿನಿಂದ "ಇದ್ದೀನಿ" ಅನ್ನಬೇಕು. ಆಗ್ಲಿಸಾರ್ ಆ ಹಿಂದಿನ ರೂಮನ್ನು ನೆನೆಸಿಕೊಂಡಾಗಲೆಲ್ಲ ಷೋರೂಮಿನ ಗಾಜನ್ನು ಇನ್ನೊಂದು ಸಲ ಒರೆಸುತ್ತಿದ್ದ.

ಹೀಗಿರುವಾಗ ಹೊಸ ಮಾಡೆಲ್ ಬರುತ್ತದೆ ಅಂತ ಮ್ಯಾನೇಜರು ಮೀಟಿಂಗ್ ಕರೆದರು. ಮೀಟಿಂಗಿನಲ್ಲಿ ಆಗ್ಲಿಸಾರನಿಗೆ ಮುಂದಿನ ಸಾಲು ಕಾಯಂ. ಮ್ಯಾನೇಜರ ಮಾತಿಗೆ ಅವನಷ್ಟು ಚೆನ್ನಾಗಿ ತಲೆ ಆಡಿಸುವವರು ಬೇರೆ ಯಾರೂ ಇಲ್ಲದ್ದರಿಂದ ಅವರು ಅವನೊಬ್ಬನ ಮುಖ ನೋಡಿಕೊಂಡೇ ಮಾತಾಡುತ್ತಿದ್ದರು. ಅವತ್ತು ಅವರು ಹೇಳಿದ್ದಿಷ್ಟು: ಖರ್ಚು ಉಳಿಸಲು ಕಂಪನಿಯವರು ಈ ಸಲ ಪಿಕಪ್ ಟ್ರಕ್ಕಿಗೂ ಕೊಡುವುದಿಲ್ಲ, ದೊಡ್ಡ ಕಾರಿಗೂ ಕೊಡುವುದಿಲ್ಲ, ಇಂಜಿನ್ ಕವರನ್ನೇ ನಿಲ್ಲಿಸಿಬಿಟ್ಟಿದ್ದಾರೆ, ಗಿರಾಕಿ ಕೇಳಿದರೆ ಗಾಳಿ ಚೆನ್ನಾಗಿ ಆಡಲಿ ಅಂತ ತೆಗೆದಿದ್ದಾರೆ ಅನ್ನಿ. ಆಗ್ಲಿಸಾರ್ ಪ್ರತಿ ಮಾತಿಗೂ ತಲೆ ಆಡಿಸಿದ. ಅವನ ತಲೆಯೊಳಗೆ ಓಡುತ್ತಿದ್ದದ್ದು ಬೇರೆ. ಹೆಂಡತಿ ಒಂದೇ ಪರದೆ ಹೊಲಿಸಿದ್ದಳು, ಅದನ್ನು ಬಾಗಿಲಿಗೆ ಹಾಕುವುದೋ ಕಿಟಕಿಗೆ ಹಾಕುವುದೋ ಅಂತ ಬೆಳಿಗ್ಗೆ ಜಗಳವಾಗಿತ್ತು. ಮ್ಯಾನೇಜರು ಅರ್ಥ ಆಯ್ತಾ ಅಂದಾಗ ಅವನು ಕಿಟಕಿಗೆ ಹಾಕುವುದು ಅಂತ ತೀರ್ಮಾನಕ್ಕೆ ಬಂದು ಆಗ್ಲಿ ಸಾರ್ ಅಂದ.

ಗಾಡಿಗಳು ಬಂದಿಳಿದ ದಿನ ನೆತ್ತಿ ಸುಡುವ ಬಿಸಿಲು. ಇಳಿದ ಗಾಡಿಯನ್ನು ಸುತ್ತಿ ನೋಡಿ, ಎಲ್ಲ ಸರಿ ಇದೆ ಅಂತ ಸಹಿ ಹಾಕುವುದು ಅವನ ಪಾಲಿನ ಕೆಲಸ. ಆ ಬಿಸಿಲಲ್ಲಿ ಬಾನೆಟ್ ಎತ್ತಿ ನೋಡುವ ಪದ್ಧತಿ ಯಾರಿಗೂ ಇರಲಿಲ್ಲ. ಸ್ಟೆಪ್ನಿ ಇದೆಯಾ, ಜಾಕ್ ಇದೆಯಾ, ಮ್ಯಾಟು ಇದೆಯಾ, ಮುಗಿಯಿತು.

ಮೊದಲ ಗಾಡಿ ಒಪ್ಪಿಸಬೇಕಾದದ್ದು ಇಟ್ಟಿಗೆ ಭಟ್ಟಿಯ ಯಜಮಾನರಿಗೆ, ಪಿಕಪ್ ಟ್ರಕ್ಕು. ಅವರು ಬರುವ ಮುಂಚೆ ಒಳಗೆಲ್ಲ ಧೂಳು ಒರೆಸೋಣ ಅಂತ ಆಗ್ಲಿಸಾರ್ ಬಾನೆಟ್ ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು. ಕವರಿಲ್ಲ. ತಟ್ಟಬೇಕಾದ ಜಾಗದಲ್ಲಿ ಪೈಪು, ವೈರು, ಬೋಲ್ಟು, ಹೊಟ್ಟೆ ಕುಯ್ದು ಬಿಟ್ಟ ಹಾಗೆ. ಅದಕ್ಕಿಂತ ಕೆಟ್ಟದ್ದು, ಕವರು ಕೂರಿಸುವ ನಾಲ್ಕು ಗೂಟಗಳು ಹಾಗೇ ನಿಂತಿದ್ದವು. ಕಂಪನಿಯವರು ಕವರಿನ ಖರ್ಚು ಉಳಿಸಿದರೇ ಹೊರತು ಗೂಟ ಕೀಳುವ ಗೋಜಿಗೆ ಹೋಗಿರಲಿಲ್ಲ. ಅವನು ಪಕ್ಕದ ಗಾಡಿ ತೆಗೆದ. ಅಲ್ಲೂ ಬೋಳು. ಅದರ ಪಕ್ಕದ್ದು ತೆಗೆದ. ಹಿಂದಿನ ಅಂಗಳದಲ್ಲಿದ್ದ ಅಷ್ಟೂ ಗಾಡಿಗಳ ಬಾಯಿ ಬಿಡಿಸಿ ನೋಡಿದ, ಹಲ್ಲಿನ ಡಾಕ್ಟರ ಹಾಗೆ. ಎಲ್ಲದರಲ್ಲೂ ನಾಲ್ಕು ಗೂಟ ಬಿಟ್ಟರೆ ಏನಿಲ್ಲ.

ಯಾರೋ ಸಾರಾಸಗಟಾಗಿ ಕದ್ದಿದ್ದಾರೆ. ಅಂಗಳದ ಕೀ ಇರುವುದು ತನ್ನ ಸೊಂಟದಲ್ಲಿ. ಎಲ್ಲ ಸರಿ ಇದೆ ಅಂತ ಸಹಿ ಹಾಕಿದ್ದೂ ತಾನೇ. ನಲ್ಲಿಯ ಪೆಟ್ಟಿಗೆ ಕಣ್ಣ ಮುಂದೆ ಬಂತು. ಕಿವಿಯಲ್ಲಿ ಸೀಟಿ ಕೇಳಿಸಿತು.

ಷೋರೂಮಿನಲ್ಲಿ ಹಳೇ ಮಾಡೆಲ್ಲಿನ ಗಾಡಿಯೊಂದಿತ್ತು, ಬಂದವರಿಗೆ ಓಡಿಸಿ ತೋರಿಸಲು ಇಟ್ಟಿದ್ದು. ಟ್ರಕ್ಕು, ಕಾರು ಎಲ್ಲಕ್ಕೂ ಇಂಜಿನ್ ಅದೇ, ಗೂಟವೂ ಅವೇ. ಆಗ್ಲಿಸಾರ್ ಅತ್ತ ಇತ್ತ ನೋಡಿ ಅದರ ಕವರನ್ನು ಪಟ್ಟನೆ ಕಿತ್ತು, ಅಂಗಿಯೊಳಗೆ ತುರುಕಿಕೊಂಡು, ಬಸುರಿಯ ಹಾಗೆ ಹೊಟ್ಟೆ ಮುಂದೆ ಮಾಡಿಕೊಂಡು ನಡೆದು ಬಂದು ಯಜಮಾನರ ಟ್ರಕ್ಕಿನ ಗೂಟಗಳ ಮೇಲೆ ಒತ್ತಿ ಕೂರಿಸಿದ.

ಯಜಮಾನರು ಬಂದರು. ಬಟ್ಟೆ ಎಳೆದರು. ಸಿಂಹ ಮಲಗಿತು. ಯಜಮಾನರ ಕೈಯಲ್ಲಿ ಕಲ್ಲಿನ ದಪ್ಪ ಉಂಗುರವಿತ್ತು. ಸಂತೋಷಕ್ಕೆ ಎಷ್ಟು ಜೋರಾಗಿ ತಟ್ಟಿದರೆಂದರೆ ಕವರಿನ ಮೇಲೆ ಬಿಳೀ ಗೀರೊಂದು ಬಿತ್ತು. ಅವರ ಭಾವಮೈದುನ ಅದನ್ನೂ ಸೇರಿಸಿ ಫೋಟೊ ಹೊಡೆದ. ಆಮೇಲೆ ಎಲ್ಲರೂ ಸಹಿ, ಕೂಲ್ ಡ್ರಿಂಕು ಅಂತ ಒಳಗೆ ಹೋದರು. ಇಂಜಿನ್ನಿನ ನೀರು ಸರಿಯಾಗಿದೆಯಾ ಕೊನೇ ಸಲ ನೋಡ್ತೀನಿ ಅಂತ ಆಗ್ಲಿಸಾರ್ ಹೊರಗೇ ಉಳಿದು, ಕವರನ್ನು ಕಿತ್ತು, ಮತ್ತೆ ಬಸುರಿಯಾಗಿ ಹಳೇ ಗಾಡಿಯ ಹತ್ತಿರ ನಡೆದ. ಕವರಿಲ್ಲದ ಟ್ರಕ್ಕು ಹಾರನ್ ಹೊಡೆದುಕೊಂಡು ಗೇಟು ದಾಟಿತು.

ಇಷ್ಟರವರೆಗೆ ಆ ಷೋರೂಮಿನಲ್ಲಿ ಕಳ್ಳತನ ನಡೆದೇ ಇರಲಿಲ್ಲ. ನಡೆದಿಲ್ಲದ ಕಳ್ಳತನವನ್ನು ಮುಚ್ಚಲು ಹೋಗಿ ಅವನು ಅವತ್ತು ಗಿರಾಕಿಯ ಗಾಡಿಯಿಂದ ಮೊದಲ ಸಲ ನಿಜವಾಗಿ ಒಂದು ವಸ್ತು ಕಿತ್ತ. ಅದಕ್ಕೆ ಫೋಟೊ ಸಾಕ್ಷಿಯನ್ನೂ ಇಟ್ಟ.

ಆಮೇಲೆ ಅದೇ ನಡೆಯಿತು. ಟ್ರಕ್ಕೋ ಕಾರೋ, ಯಾವುದೇ ಗಾಡಿ ಹೊರಡುವ ಮುಂಚೆ ಆ ಒಂದೇ ಕವರು ಅದರ ಮೇಲೆ ಕೂತು, ತಟ್ಟಿಸಿಕೊಂಡು, ಫೋಟೊ ತೆಗೆಸಿಕೊಂಡು ಇಳಿದು ಬರುತ್ತಿತ್ತು. ನಾಟಕದ ಕಂಪನಿಯಲ್ಲಿ ಒಂದೇ ಕಿರೀಟ ಇದ್ದರೆ ಎಲ್ಲ ರಾಜರೂ ಅದನ್ನೇ ಇಟ್ಟುಕೊಳ್ಳುತ್ತಾರಲ್ಲ, ಹಾಗೆ. ಆಗ್ಲಿಸಾರನ ಹೊಟ್ಟೆಯ ಮೇಲೆ ಕವರಿನ ಅಂಚು ಉಜ್ಜಿ ಉಜ್ಜಿ ಕೆಂಪಗೆ ಗೆರೆ ಬಿತ್ತು. ಜತೆಯವರು ಇತ್ತೀಚೆಗೆ ದಪ್ಪ ಆಗ್ತಿದ್ದೀಯ, ಹೆಂಡತಿ ಚೆನ್ನಾಗಿ ಬಡಿಸ್ತಾರೇನೋ ಅಂದರು. ಮಧ್ಯಾಹ್ನದ ಮೇಲೆ ಸಣ್ಣಗಾಗ್ತೀಯ, ಅದೇನು ಮರ್ಮ ಅಂತಲೂ ಕೇಳಿದರು.

ಮನೆಯಲ್ಲಿ ಅವನು ಅನ್ನದ ಪಾತ್ರೆಯ ಮುಚ್ಚಳ ತೆಗೆದು ಕೈಯಲ್ಲಿ ಹಿಡಿದು ಹಾಗೇ ಕೂತುಬಿಡುತ್ತಿದ್ದ. ಕುಕ್ಕರಿನ ಸೀಟಿ ಕೂಗಿದರೆ ಬೆಚ್ಚಿ ಎದ್ದು ನಿಲ್ಲುತ್ತಿದ್ದ. ಹೆಂಡತಿ ನೋಡುವಷ್ಟು ನೋಡಿ, ಏನ್ರೀ ಅದು ಅಂತ ಹಿಡಿದು ಕೂರಿಸಿ ಕೇಳಿದಳು. ಅರ್ಧ ಹೇಳಿದ. ಅಂಗಳದ ಗಾಡಿಗಳ ಕವರೆಲ್ಲ ಕಳುವಾಗಿದೆ, ಗೊತ್ತಾದರೆ ನನ್ನ ತಲೆಗೆ ಬರುತ್ತೆ ಅಂದ. ತಾನು ಒಂದೇ ಕವರನ್ನು ಗಾಡಿಯಿಂದ ಗಾಡಿಗೆ ಮೆರೆಸುತ್ತಿರುವುದನ್ನು ಮಾತ್ರ ನುಂಗಿಕೊಂಡ. ಯಾರಿಗೂ ಹೇಳಬೇಡ ಕಣೇ ಅಂದ. ಅವಳು ಯಾರಿಗೂ ಹೇಳಲಿಲ್ಲ. ಅಪ್ಪನಿಗೆ ಮಾತ್ರ ಹೇಳಿದಳು. ಅಪ್ಪ ಅಂದರೆ ಯಾರೋ ಅಲ್ಲವಲ್ಲ.

ಇಲ್ಲಿ ಮಾವನ ವಿಷಯ ಒಂದು ಮಾತು ಹೇಳಬೇಕು. ಅವರು ಇಡೀ ಸರ್ವಿಸ್ಸಿನಲ್ಲಿ ನೋಡಿಕೊಂಡದ್ದು ಠಾಣೆಯ ಜಪ್ತಿ ಕೋಣೆಯನ್ನು. ಬೇರೆಯವರು ಹಿಡಿದ ಕಳ್ಳರಿಂದ ವಶವಾದ ಸೈಕಲ್ಲು, ಪಂಪುಸೆಟ್ಟು, ತಾಮ್ರದ ತಂತಿಗೆ ಚೀಟಿ ಕಟ್ಟಿ ಇಡುವುದು. ಎಷ್ಟೋ ಕಳ್ಳತನ ನೋಡಿದ್ದರು, ಒಬ್ಬ ಕಳ್ಳನ ಕೈಯನ್ನೂ ತಮ್ಮ ಕೈಯಿಂದ ಹಿಡಿದಿರಲಿಲ್ಲ. ಆ ಆಸೆ ಅವರನ್ನು ರಿಟೈರ್ ಆದ ಮೇಲೂ ಬಿಟ್ಟಿರಲಿಲ್ಲ. ಮಗಳು ಫೋನ್ ಇಡುವ ಮುಂಚೆಯೇ ಅವರು ಬೂಟು ಹಾಕುತ್ತಿದ್ದರಂತೆ.

ಮಾರನೇ ದಿನ ಮಾವ ಷೋರೂಮಿಗೆ ಬಂದರು. ಮ್ಯಾನೇಜರಿಗೆ ಏನೂ ಹೇಳಲಿಲ್ಲ, ತನಿಖೆ ಗುಟ್ಟಾಗಿರಬೇಕು. ಮ್ಯಾನೇಜರು ಮಾತ್ರ ಮನೆ ಯಜಮಾನರು ಗಾಡಿ ಕೊಳ್ಳಲು ಬಂದರು ಅಂತ ತಿಳಿದು ಅರಳಿಹೋದರು. ಮಾವ ನೆಲಕ್ಕೆ ಮಲಗಿ ಗಾಡಿಯ ಅಡಿ ನೋಡಿದರೆ, ಎಷ್ಟು ಎತ್ತರ ಇದೆ ಅಂತ ನೋಡ್ತಿದ್ದೀರಾ ಸಾರ್, ಯಾವ ಹಳ್ಳ ಬಂದರೂ ತಾಗಲ್ಲ ಅಂದರು. ಮಾವ ಬಾಗಿಲ ಹಿಡಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ, ಬಣ್ಣ ಒರಿಜಿನಲ್ಲು ಸಾರ್ ಅಂದರು.

ಮಾವ ಮೊದಲು ಗೇಟಿನ ಗಾರ್ಡನ್ನು ಸ್ಟೂಲಿನ ಮೇಲೆ ಕೂರಿಸಿ, ಏನೂ ಕೇಳದೆ ಸುಮ್ಮನೆ ಅವನ ಮುಖ ನೋಡುತ್ತ ನಿಂತರು. ಗಾರ್ಡು ಸ್ವಲ್ಪ ಹೊತ್ತು ತಡೆದ. ಆಮೇಲೆ ಎರಡು ಮ್ಯಾಟು ಮನೆಗೆ ಒಯ್ದಿದ್ದು ತಾನೇ ಅಂದ. ಸೆಂಟಿನ ಬಾಟಲಿಯೂ ತಾನೇ, ರಿಬ್ಬನ್ ಸುರುಳಿಯೂ ತಾನೇ, ಮ್ಯಾನೇಜರ ಛತ್ರಿಯೂ ತಾನೇ ಅಂತ ಬೆವರು ಒರೆಸಿಕೊಂಡ. ಕವರು ಅಂದರೆ ಏನು ಅಂತ ಮಾತ್ರ ಅವನಿಗೆ ಗೊತ್ತಿರಲಿಲ್ಲ. ಮಾವ ಬೇಸರದಿಂದ, ಅದೆಲ್ಲ ಈ ಕೇಸಿಗೆ ಸಂಬಂಧ ಇಲ್ಲ ಹೋಗಯ್ಯ ಅಂತ ಎಬ್ಬಿಸಿ ಕಳಿಸಿದರು.

ಆಗ್ಲಿಸಾರ್ ಮಾವನನ್ನು ಮೂಲೆಗೆ ಕರೆದು, ಬಿಟ್ಟುಬಿಡಿ ಮಾವ, ಪಾಪ ಯಾರೋ ಕಷ್ಟಕ್ಕೆ ಒಯ್ದಿರಬೇಕು ಅಂತ ಬೇಡಿಕೊಂಡ. ಮಾವ ಅವನ ಹೆಗಲ ಮೇಲೆ ಕೈ ಇಟ್ಟು, ನೀವು ಮೃದು ಮನುಷ್ಯರು ಅಳಿಯಂದಿರೇ, ಇದು ನಿಮಗೆ ಆಗುವ ಕೆಲಸ ಅಲ್ಲ ಅಂದರು. ಅಷ್ಟರಲ್ಲಿ ಅವರ ಕಣ್ಣಿಗೆ ಬಿತ್ತು: ಮಧ್ಯಾಹ್ನ ಹಲ್ಲಿನ ಡಾಕ್ಟರಮ್ಮನಿಗೆ ಒಪ್ಪಿಸಬೇಕಾದ ಕಾರಿನ ಬಾನೆಟ್ ತೆರೆದಿದೆ, ಒಳಗೆ ಕವರಿದೆ. ಆಗ್ಲಿಸಾರ್ ಆಗ ತಾನೇ ಬಸುರಿಯಾಗಿ ಬಂದು ಹೆತ್ತಿದ್ದು. ಮಾವನ ಮುಖದಲ್ಲಿ ಬೆಳಕಾಯಿತು. ಉಳಿದಿರೋದು ಇದೊಂದೇ, ಕಳ್ಳ ಇದಕ್ಕೆ ಬಂದೇ ಬರುತ್ತಾನೆ ಅಂದುಕೊಂಡರು. ಅದನ್ನು ಅಳಿಯನಿಗೂ ಹೇಳಲಿಲ್ಲ. ಅಳಿಯ ಟೀ ತರಲು ಹೋದಾಗ ಕಾರಿನ ಹಿಂದಿನ ಸೀಟಿನ ಮುಂದೆ ಕಾಲಿಡುವ ಜಾಗಕ್ಕೆ ನುಸುಳಿ ಮುದುಡಿ ಮಲಗಿದರು. ಮ್ಯಾನೇಜರು ದೂರದಿಂದ ನೋಡಿ, ಕಾಲು ಚಾಚಲು ಜಾಗ ಎಷ್ಟಿದೆ ಅಂತ ಪರೀಕ್ಷೆ ಮಾಡುತ್ತಿದ್ದಾರೆ ಅಂತ ಖುಷಿಪಟ್ಟು, ತೊಂದರೆ ಕೊಡಬಾರದು ಅಂತ ಒಳಗೆ ಹೋದರು. ಟೀ ತಂದವನು ಮಾವ ಕಾಣದೆ, ಸದ್ಯ ಮನೆಗೆ ಹೋದರು ಅಂತ ಆ ಟೀಯನ್ನು ತಾನೇ ಕುಡಿದು, ಕಾರಿಗೆ ಕೆಂಪು ಬಟ್ಟೆ ಹೊದಿಸಿದ.

ಬಟ್ಟೆಯ ಕೆಳಗೆ, ಬಿಸಿಲಿಗೆ, ಹೊಸ ಸೀಟಿನ ವಾಸನೆಗೆ ಮಾವನಿಗೆ ಜೋಂಪು ಹತ್ತಿತು.

ಡಾಕ್ಟರಮ್ಮ ತಮ್ಮ ತಾಯಿಯ ಜತೆ ಬಂದರು. ಬಟ್ಟೆ ಎಳೆದಾಯಿತು, ರಟ್ಟಿನ ಕೀ ಹಿಡಿದಾಯಿತು. ಬಾನೆಟ್ ಎತ್ತಿ, ಟಪ್ ಟಪ್ ತಟ್ಟಿ, ಇದರ ಕೆಳಗೆ ಸಿಂಹ ಮಲಗಿದೆ ಮೇಡಂ ಅಂತ ಆಗ್ಲಿಸಾರ್ ಅನ್ನುವುದಕ್ಕೂ ಕಾರಿನೊಳಗಿಂದ ಗೊರ್ ಅಂತ ಸದ್ದು ಬರುವುದಕ್ಕೂ ಸರಿಹೋಯಿತು. ಡಾಕ್ಟರಮ್ಮನ ತಾಯಿ, ಪರವಾಗಿಲ್ಲ, ಸದ್ದು ಸಣ್ಣಗಿದೆ ಅಂತ ಮೆಚ್ಚಿದರು. ಇಂಜಿನ್ ಇನ್ನೂ ಚಾಲೂ ಮಾಡಿಲ್ಲ ಅನ್ನುವುದು ಯಾರಿಗೂ ಹೊಳೆಯಲಿಲ್ಲ. ಫೋಟೊ ಆಯಿತು. ಸಹಿಗೆ ಒಳಗೆ ಹೋದರು.

ಆಗ್ಲಿಸಾರ್ ಕತ್ತು ಬಗ್ಗಿಸಿ, ಬಾನೆಟ್ಟಿನೊಳಗೆ ತಲೆ ಹಾಕಿ, ಕವರಿನ ಎರಡು ಅಂಚು ಹಿಡಿದು ಪಟ್ಟನೆ ಎಳೆದ. ಆ ಸದ್ದಿಗೆ ಮಾವನಿಗೆ ಎಚ್ಚರವಾಯಿತು. ಅವರು ಹಿಂದಿನ ಬಾಗಿಲು ತೆಗೆದು, ಬೂಟು ಸದ್ದಾಗದಂತೆ ತುದಿಗಾಲಲ್ಲಿ ಬಂದು, ಅಂಗಿಯೊಳಗೆ ಕವರು ತುರುಕಿಕೊಳ್ಳುತ್ತಿದ್ದ ಕಳ್ಳನ ಕತ್ತುಪಟ್ಟಿಗೆ ಕೈ ಹಾಕಿದರು. ಇಡೀ ಸರ್ವಿಸ್ಸಿನಲ್ಲಿ ಊದದ ಸೀಟಿಯನ್ನೆಲ್ಲ ಸೇರಿಸಿ ಒಂದೇ ಉಸಿರಿಗೆ ಊದಿದರು.

"ಸಿಕ್ಕಿದೆಯೇನೋ ಕಳ್ಳ ನನ್ಮಗನೆ."

ಕಳ್ಳ ತಿರುಗಿದ.

ಮಾವ ಕೈ ಬಿಡಲಿಲ್ಲ. ಮೊದಲ ಸಲ ಸಿಕ್ಕಿದವನನ್ನು ಬಿಡುವುದು ಹೇಗೆ? ಆದರೆ ಮರ್ಯಾದೆಯನ್ನೂ ಬಿಡಲಿಲ್ಲ. "ಅಳಿಯಂದಿರೇ," ಅಂದರು, "ಕದಿಯೋರು ತಾವೇನಾ?"

ಸೀಟಿಗೆ ಷೋರೂಮೆಲ್ಲ ಹೊರಗೆ ಬಂತು. ಡಾಕ್ಟರಮ್ಮ ಪೆನ್ನು ಹಿಡಿದುಕೊಂಡೇ ಬಂದರು. ಗಾರ್ಡು, ಛತ್ರಿ ವಾಪಸ್ ತಂದಿದ್ದೀನಿ ಸಾರ್ ಅಂತ ಓಡಿ ಬಂದ. ಅದೇ ಗಳಿಗೆಗೆ ಇಟ್ಟಿಗೆ ಭಟ್ಟಿಯ ಯಜಮಾನರು ಮೊಬೈಲು ಎತ್ತಿ ಹಿಡಿದುಕೊಂಡು ಗೇಟಿನೊಳಗೆ ನುಗ್ಗಿದರು. ಅವರ ಕಡೆಯ ಮೆಕ್ಯಾನಿಕ್ಕು ಗೂಟ ನೋಡಿ, ಕವರು ಎಲ್ಲಿ ಯಜಮಾನ್ರೇ ಅಂದಿದ್ದನಂತೆ. ಅವರ ಹಿಂದೆಯೇ ಕಂಪನಿಯ ಏರಿಯಾ ಆಫೀಸರು ಕೋಟು ಹಾಕಿಕೊಂಡು ತಮ್ಮ ಹೊಸ ಕಾರಿನಿಂದ ಇಳಿದರು. ಅವತ್ತು ಅವರ ತಪಾಸಣೆ ಇತ್ತು.

ಮ್ಯಾನೇಜರಿಗೆ ಏನೊಂದೂ ಅರ್ಥವಾಗಲಿಲ್ಲ. "ಯಾವ ಕವರೋ? ಈ ಮಾಡೆಲ್ಲಿಗೆ ಕವರೇ ಇಲ್ಲವಲ್ಲೋ. ಮೀಟಿಂಗಲ್ಲಿ ಹೇಳಿದಾಗ ಎಲ್ಲರಿಗಿಂತ ಜಾಸ್ತಿ ತಲೆ ಆಡಿಸಿದೋನು ನೀನೇ."

ಆಗ್ಲಿಸಾರನ ಕಾಲ ಕೆಳಗಿನ ನೆಲ ಒಂದು ಸಲ ಹೋಗಿ ವಾಪಸ್ ಬಂತು. ಕದ್ದೇ ಇಲ್ಲ. ಯಾರೂ ಕದ್ದಿಲ್ಲ. ಅವನಿಗೆ ನಗು ಬಂತು. ನಗುವ ಹೊತ್ತು ಅದಾಗಿರಲಿಲ್ಲ.

ಇಲ್ಲ ಅಂದ್ರೆ ಹೇಗೆ, ಈಗ ತಾನೇ ನಾನು ತಟ್ಟಿದೆನಲ್ಲ ಅಂದರು ಡಾಕ್ಟರಮ್ಮ. ನನ್ನ ಫೋಟೊದಲ್ಲಿ ಇದೆ ನೋಡಿ, ಫೋಟೊ ಸುಳ್ಳು ಹೇಳುತ್ತಾ ಅಂತ ಯಜಮಾನರು ಮೊಬೈಲನ್ನು ಒಬ್ಬೊಬ್ಬರ ಮೂಗಿಗೂ ಹಿಡಿದರು. ಆಫೀಸರು ಮುಂದೆ ಬಂದು, ಕಂಪನಿ ಕೊಟ್ಟಿಲ್ಲದ ವಸ್ತು ಕಳುವಾಗುವುದು ಸಾಧ್ಯವೇ ಇಲ್ಲ ಅಂತ ಸಮಾಧಾನವಾಗಿ ವಿವರಿಸಿದರು. ಅವರ ಮಾತು ಮುಗಿಯುವವರೆಗೆ ಮಾವ ಕಾದರು. ಕಳ್ಳತನವೇ ಇಲ್ಲ ಅಂದುಬಿಟ್ಟರೆ ಅವರ ಕೈಯಲ್ಲಿರುವ ಕಳ್ಳನ ಗತಿ ಏನು?

"ಹಾಗಾದ್ರೆ ಗೂಟ ಯಾಕಿದೆ?" ಅಂದರು ಮಾವ. "ದನ ಇಲ್ಲದ ಕೊಟ್ಟಿಗೆಗೆ ಗೂಟ ಯಾರು ಹೊಡೀತಾರೆ ಸ್ವಾಮಿ?"

ಕಂಪನಿಯ ದೊಡ್ಡ ದೊಡ್ಡ ಮೀಟಿಂಗುಗಳಲ್ಲಿ ಗಾಳಿಯ ವಿಷಯ, ಖರ್ಚಿನ ವಿಷಯ ಎಲ್ಲ ಚರ್ಚೆ ಆಗಿತ್ತು, ಗೂಟದ ಪ್ರಶ್ನೆ ಯಾರೂ ಎತ್ತಿರಲಿಲ್ಲ. ಕೊನೆಗೆ ಆಫೀಸರು, ಬನ್ನಿ, ನನ್ನ ಸ್ವಂತ ಕಾರನ್ನೇ ನೋಡಿ, ಇದೂ ಹೊಸ ಮಾಡೆಲ್ಲೇ ಅಂತ ತಮ್ಮ ಬಾನೆಟ್ ಎತ್ತಿದರು. ನಾಲ್ಕು ಗೂಟ. ಕವರಿಲ್ಲ.

ಜನ ಒಬ್ಬೊಬ್ಬರಾಗಿ ಬಗ್ಗಿ ನೋಡಿದರು.

"ಅಯ್ಯೋ ಪಾಪ, ಇವರದ್ದೂ ಹೋಗಿದೆ" ಅಂದರು ಇಟ್ಟಿಗೆ ಭಟ್ಟಿಯ ಯಜಮಾನರು.

ಡಾಕ್ಟರಮ್ಮನ ತಾಯಿ ನಾಲಿಗೆಯಲ್ಲಿ ಚ್ ಚ್ ಅಂದರು. ಗಾರ್ಡು ನಾನಲ್ಲ ಸಾರ್ ಅಂದ. ಮಾವ ಆಫೀಸರಿಗೆ, ತಾವು ಕೊನೇ ಸಲ ಬಾನೆಟ್ ತೆಗೆದದ್ದು ಯಾವಾಗ, ಗಾಡಿ ಎಲ್ಲೆಲ್ಲಿ ನಿಲ್ಲಿಸ್ತೀರಿ, ಮನೆಯಲ್ಲಿ ಯಾರ ಮೇಲಾದರೂ ಗುಮಾನಿ ಇದೆಯಾ ಅಂತ ವಿಚಾರಣೆ ಶುರು ಮಾಡಿದರು. ಆಫೀಸರ ಮುಖ ಕೆಂಪಾಯಿತು. ಅವರು ಮ್ಯಾನೇಜರ ಕಡೆ ತಿರುಗಿ, ಇದೆಲ್ಲಕ್ಕೂ ಮೂಲ ಇವನ ಅಂಗಿಯೊಳಗಿದೆ, ಈಗಿಂದೀಗಲೇ ಇವನನ್ನು ಕೆಲಸದಿಂದ ತೆಗೆಯಿರಿ ಅಂದರು.

ಎಲ್ಲರೂ ಆಗ್ಲಿಸಾರನನ್ನು ನೋಡಿದರು. ಅವನ ನಾಲಿಗೆಯ ತುದಿಗೆ ಬಂದದ್ದು ಆ ಎರಡು ಮಾತೇ. ಅದೊಂದು ಸಲ ಬಾಯಿಂದ ಬಿದ್ದರೆ ಮುಗಿಯಿತು, ಸಂಜೆಗೆ ಹಿಂದಿನ ರೂಮು, ಬೆಳಿಗ್ಗೆ ಸೀಟಿ. ಅವನು ಬಾಯಿ ಬಿಗಿ ಹಿಡಿದು ನಿಂತ. ಆಗ ಯಜಮಾನರು, "ಇವರ ಕೋಟಿನ ಮಾತು ಬೇಡ. ನಗುನಗ್ತಾ ಗಾಡಿ ಕೊಟ್ಟೋನು ನೀನು. ನೀನು ಹೇಳಪ್ಪ, ನಮ್ಮ ಕವರು ಏನಾಯ್ತು" ಅಂದರು.

"ನಿಮ್ಮದು ಅಂತ ಯಾವತ್ತೂ ಇರಲೇ ಇಲ್ಲ ಯಜಮಾನ್ರೇ" ಅಂದ ಅವನು. ಅಂಗಿಯಿಂದ ಕವರು ತೆಗೆದು ಎತ್ತಿ ಹಿಡಿದ. "ಇರೋದು ಇದೊಂದೇ. ನಿಮಗೂ ಇದೇ, ಮೇಡಂಗೂ ಇದೇ, ಎಲ್ಲರಿಗೂ ಇದೇ. ಕಳುವಾಗಿದೆ ಅಂತ ಹೆದರಿ, ನಿಮ್ಮ ಕಣ್ಣು ತುಂಬಲಿ ಅಂತ ಇಟ್ಟೆ. ಫೋಟೊ ಆದಮೇಲೆ ತೆಗೆದೆ."

ಸತ್ಯ ಹೇಳಿದವನನ್ನು ಜನ ಕ್ಷಮಿಸುತ್ತಾರೆ ಅಂತ ಅವನು ಅಂದುಕೊಂಡಿದ್ದರೆ ಅದು ಅವನ ತಪ್ಪು. ಡಾಕ್ಟರಮ್ಮ ತಮ್ಮ ಫೋಟೊ ತೆಗೆದು ಹಿಗ್ಗಿಸಿ ನೋಡಿದರು. ಕವರಿನ ಮೇಲೆ ಬಿಳೀ ಗೀರು. ಯಜಮಾನರ ಉಂಗುರ ನೋಡಿದರು. ಎಂಜಲು ಲೋಟದಲ್ಲಿ ನೀರು ಕುಡಿದವರ ಹಾಗೆ ಅವರ ಮುಖ ಹಿಂಡಿತು. ಹೊಸ ಗಾಡಿಗೆ ಬೇರೆಯವರು ತಟ್ಟಿದ ಕವರು ಹಾಕಿದ್ರಾ ಅಂದರು. ಯಜಮಾನರಿಗೆ ಬೇರೆಯವರು ಅನ್ನುವ ಮಾತು ನಾಟಿತು. ಮೊದಲು ತಟ್ಟಿದ್ದು ನಾನು, ಗೀರು ನನ್ನದು, ಆದ್ದರಿಂದ ಕವರು ನನ್ನದು ಅಂತ ಕೈ ಹಾಕಿದರು. ಇನ್ನೂ ಬಿಸಿ ಆರಿಲ್ಲ, ಈಗ ತಾನೇ ನನ್ನ ಮಗಳ ಗಾಡಿ ಮೇಲಿತ್ತು ಅಂತ ಡಾಕ್ಟರಮ್ಮನ ತಾಯಿ ಇನ್ನೊಂದು ಕಡೆ ಹಿಡಿದರು. ಈಗ ಬೇಡವಾಗಿದ್ದ ಎಂಜಲು ಕವರು ಇನ್ನೊಬ್ಬರು ಕೈ ಹಾಕಿದ ಕೂಡಲೇ ಡಾಕ್ಟರಮ್ಮನಿಗೂ ಬೇಕಾಯಿತು. ಎಳೆದಾಟ ಜೋರಾಯಿತು. ಕದ್ದವನು ಯಾರು ಅನ್ನುವುದು ಎಲ್ಲರಿಗೂ ಮರೆತುಹೋಯಿತು. ಆಗ್ಲಿಸಾರನಂತೂ ನಡುವೆ ನಿಂತು ಎರಡೂ ಕಡೆಯವರಿಗೆ ನಿಧಾನ ನಿಧಾನ ಅನ್ನುತ್ತಿದ್ದ.

ಮಾವ ಮತ್ತೊಂದು ಸೀಟಿ ಊದಿ, ಎಲ್ಲರ ಕೈಯಿಂದ ಕವರು ಕಿತ್ತುಕೊಂಡು ಕಂಕುಳಿಗೆ ಸೇರಿಸಿದರು. "ಇದು ಕೇಸಿನ ಮಾಲು. ತೀರ್ಮಾನ ಆಗೋವರೆಗೆ ನನ್ನ ವಶದಲ್ಲಿರುತ್ತೆ." ಹಾಗೆ ಅಂದು ನೆಟ್ಟಗೆ ಗೇಟು ದಾಟಿ ನಡೆದುಬಿಟ್ಟರು. ತಡೆಯುವ ಧೈರ್ಯ ಯಾರಿಗೂ ಆಗಲಿಲ್ಲ.

ಇಬ್ಬರು ಗಿರಾಕಿಗಳಿಗೂ ಎರಡೆರಡು ಕೂಲ್ ಡ್ರಿಂಕು ಕುಡಿಸಿ ಕಳಿಸಿದ ಮೇಲೆ ಆಫೀಸರು ಮತ್ತೆ ಅದೇ ಮಾತು ತೆಗೆದರು, ಇವನನ್ನು ಇಟ್ಟುಕೊಳ್ಳಬೇಡಿ. ಮ್ಯಾನೇಜರು ಮನೆಯ ಮೆಟ್ಟಿಲನ್ನು ನೆನೆಸಿಕೊಂಡರು. ಅವರ ತಲೆ ಜನ್ಮದಲ್ಲಿ ಮೊದಲ ಸಲ ಚುರುಕಾಗಿ ಓಡಿತು. ತೆಗೆದರೆ ಏನಾಗುತ್ತೆ ಯೋಚನೆ ಮಾಡಿ ಸಾರ್ ಅಂದರು. ಕವರು ಕದ್ದವನನ್ನು ತೆಗೆದರು ಅಂತ ಊರೆಲ್ಲ ಹೇಳುತ್ತೆ. ಕದ್ದಿದ್ದಾನೆ ಅಂದರೆ ಕವರು ಇತ್ತು ಅಂತ ಆಯಿತು. ಇತ್ತು ಅಂದರೆ ಗಾಡಿ ಕೊಂಡ ಪ್ರತಿಯೊಬ್ಬರಿಗೂ ಒಂದೊಂದು ಕೊಡಬೇಕು. ಇವನನ್ನು ಕಾಯಂ ಮಾಡಿದರೆ ಮಾತ್ರ ಕಳ್ಳತನ ಆಗಿಲ್ಲ ಅಂತ ಲೋಕಕ್ಕೆ ತಿಳಿಯುತ್ತೆ. ಆಫೀಸರು ಕೊಡಬೇಕಾಗುವ ಕವರುಗಳನ್ನು ಬೆರಳಲ್ಲಿ ಎಣಿಸಿದರು. ಆಮೇಲೆ, ಆಗಲಿ ಅಂದರು.

ದುಡಿದಾಗ ಸಿಗದ ನೌಕರಿ ಅವನಿಗೆ ಹೀಗೆ ಸಿಕ್ಕಿತು. ಸಿಗುವುದೆಲ್ಲ ಹಾಗೇ ಸಿಗುವುದು.

ಜತೆಗೆ ಒಂದು ಆಜ್ಞೆಯೂ ಬಂತು: ಇನ್ನು ಮೇಲೆ ಗಾಡಿ ಒಪ್ಪಿಸುವಾಗ ಬಾನೆಟ್ ತೆಗೆಯಕೂಡದು. ಕವರು ಮಾವನ ಮನೆಯಲ್ಲೇ ಉಳಿಯಿತು. ಮ್ಯಾನೇಜರು ಮಹಡಿ ಹತ್ತುವಾಗ ಇಳಿಯುವಾಗ, ಹಳೇ ಗಾಡಿ ಬೋಳಾಗಿದೆ, ಅದನ್ನು ಕೊಡ್ತೀರಾ ಸಾರ್ ಅಂತ ಕೇಳುವುದು, ವಿಚಾರಣೆ ನಡೀತಿದೆ ಅಂತ ಮಾವ ಹೇಳುವುದು, ಹೀಗೆ ನಡೆದಿತ್ತು. ಅಳಿಯ ಕಳ್ಳನಲ್ಲ ಅಂತ ಮಾವ ಇವತ್ತಿಗೂ ಬಾಯಿ ಬಿಟ್ಟು ಒಪ್ಪಿಲ್ಲ. ಆದರೆ ಅವನು ಮನೆಗೆ ಹೋದಾಗ ಮೊದಲಿಗಿಂತ ಜಾಸ್ತಿ ಆದರ ಮಾಡುತ್ತಾರೆ, ಅತ್ತೆಯ ಕೈಲಿ ಎರಡನೇ ಸಲ ಬಡಿಸಲು ಹೇಳುತ್ತಾರೆ. ಎಷ್ಟಾದರೂ ಅವರ ಕೈಗೆ ಸಿಕ್ಕ ಒಬ್ಬನೇ ಒಬ್ಬ ಕಳ್ಳ.

ಕಾಯಂ ಆದ ಮೇಲೆ ಆಗ್ಲಿಸಾರ್ ಒಪ್ಪಿಸಿದ ಮೊದಲ ಗಾಡಿ ಒಬ್ಬ ವಯಸ್ಸಾದ ಟೈಲರಮ್ಮನದು. ಬಟ್ಟೆ ಹೊಲಿದು ಹೊಲಿದು ಬೆನ್ನು ಬಾಗಿತ್ತು, ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಅಂಗಡಿಗೆ ಅಂತ ಪಿಕಪ್ ಟ್ರಕ್ಕು ತೆಗೆದುಕೊಂಡಿದ್ದರು. ಆಕೆ ಗಾಡಿಯನ್ನು ಒಂದು ಸುತ್ತು ಹಾಕಿ, ಸೀಟಿನ ಹೊಲಿಗೆಯನ್ನು ಉಗುರಿನಿಂದ ಎಳೆದು ನೋಡಿ, ಬಾನೆಟ್ಟಿನ ಮುಂದೆ ಬಂದು ನಿಂತರು. ಇದನ್ನು ತೆಗೆದು ತೋರಿಸಪ್ಪ ಅಂದರು. ಆಗ್ಲಿಸಾರ್ ಎರಡೂ ಅಂಗೈ ಬಾನೆಟ್ಟಿನ ಮೇಲೆ ಊರಿ, ಮೈಭಾರವನ್ನೆಲ್ಲ ಬಿಟ್ಟು ನಿಂತ. ಬಿಸಿಲಿಗೆ ಕೈ ಚುರುಗುಟ್ಟಿತು. ತೆಗೆಯೋಹಾಗಿಲ್ಲ ಅಮ್ಮ, ಆರ್ಡರ್ ಆಗಿದೆ ಅಂದ.

ಆಕೆ ಕನ್ನಡಕದ ಮೇಲಿಂದ ಅವನನ್ನೇ ನೋಡಿದರು. "ಯಾಕೆ? ಅಂಥದ್ದೇನಿದೆ ಒಳಗೆ?"

ಸಿಂಹ ಅನ್ನಬಹುದಿತ್ತು. ಗಾಳಿ ಅನ್ನಬಹುದಿತ್ತು. ಅವನಿಗೆ ಸಾಕಾಗಿತ್ತು.

"ಇಂಜಿನ್ ಇದೆ ಅಮ್ಮ."

"ಅಷ್ಟೇನಾ?" ಅಂತ ಮುಖ ಸಪ್ಪೆ ಮಾಡಿಕೊಂಡು ಆಕೆ ಕೀ ಇಸಿದುಕೊಂಡರು.